ಜೇಡಿ ಖನಿಜ ಮತ್ತು ಹಳೆಯ ಹವಾಮಾನ: ಮೇಡಂಗೆ ಕೇಳಿ

ಅಡ್ಮಿನ್: ಇವತ್ತು ಉತ್ತರಿಸುವವರು ಜೇಡಿ ಖನಿಜಗಳ ಲ್ಯಾಬ್ ನೋಡಿಕೊಳ್ಳುವ ಮೇಡಂ. ಒಬ್ಬರಿಗೆ ಒಂದೇ ಪ್ರಶ್ನೆ.

ಎಂಎಸ್ಸಿ ಬಾಗಲಕೋಟೆ: ಮೇಡಂ, ರಸ್ತೆಗೆ ಗುಡ್ಡ ಕಡಿದ ಜಾಗದಲ್ಲಿ, ಮೇಲಿನ ಅರ್ಧ ಮೀಟರಿನಿಂದ ತೆಗೆದ ಕಲಾದಗಿ ಶೇಲ್ (ಕೆಸರು ಗಟ್ಟಿಯಾಗಿ ಆದ ಪದರಗಲ್ಲು). ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಹಾಯಿಸಿ ಖನಿಜ ಗುರುತಿಸುವ ಪರೀಕ್ಷೆ) 10 ಮತ್ತು 7.1 ಆಂಗ್‌ಸ್ಟ್ರಮ್‌ಗೆ (ಖನಿಜದ ಪದರಗಳ ಅಂತರದ ಅಳತೆ) ಪೀಕ್ ಬಂದಿದೆ. ಕೆಯೋಲಿನೈಟ್ (ಬಿಸಿ, ಮಳೆಯ ಹವೆಯಲ್ಲಿ ಹೆಚ್ಚಾಗಿ ಆಗುವ ಜೇಡಿ ಖನಿಜ) ಇದೆ, ಆದ್ದರಿಂದ ಆಗ ಬಿಸಿ, ಮಳೆ ಜಾಸ್ತಿ ಅಂತ ಬರೆಯಲಾ? ಶುಕ್ರವಾರ ಸಲ್ಲಿಸಬೇಕು.

ಮೇಡಂ: ಬರೆಯಬೇಡಿ. 7.1 ಯಾರದ್ದು ಅಂತಲೇ ಇನ್ನೂ ಗೊತ್ತಿಲ್ಲ. ಕ್ಲೋರೈಟ್ ಎಂಬ ಇನ್ನೊಂದು ಜೇಡಿ ಖನಿಜದ ಎರಡನೇ ಪೀಕ್ ಕೂಡ ಅಲ್ಲೇ ಬರುತ್ತೆ. ಅದರ ಮೊದಲ ಪೀಕನ್ನು 14.2ರ ಹತ್ತಿರ ಹುಡುಕಿ. ನಿಧಾನವಾಗಿ ಸ್ಕ್ಯಾನ್ ಮಾಡಿಸಿದರೆ 3.58 (ಕೆಯೋಲಿನೈಟ್), 3.54 (ಕ್ಲೋರೈಟ್) ಬೇರೆಯಾಗುತ್ತವೆ. ಜೇಡಿ ಹಚ್ಚಿದ ಅದೇ ಸ್ಲೈಡನ್ನು 550 ಡಿಗ್ರಿಗೆ ಒಂದು ಗಂಟೆ ಕಾಯಿಸಿ. ಸಾದಾ ಗಾಜು ಬಾಗಬಹುದು, ನೋಡಿಕೊಳ್ಳಿ. ಕೆಯೋಲಿನೈಟ್ ಆದರೆ 7 ಹೋಗುತ್ತೆ. ಆದರೆ ಕ್ಲೋರೈಟ್‌ನ 7 ಕೂಡ ಆ ಶಾಖಕ್ಕೆ ಕುಗ್ಗುತ್ತೆ, ಅದರ 14 ಮಾತ್ರ ಇನ್ನೂ ಎತ್ತರವಾಗುತ್ತೆ. ಹಾಗಾಗಿ ಬರೀ 7 ನೋಡಿ ತೀರ್ಮಾನಿಸಬೇಡಿ.

10ರ ಇಲೈಟ್ (ಪೊಟ್ಯಾಸಿಯಂ ಇರುವ ಜೇಡಿ ಖನಿಜ) ಕಂಡು ಒಣ ಹವೆ ಅಂತಲೂ ಬರೆಯಬೇಡಿ. ನೂರು ಕೋಟಿ ವರ್ಷಕ್ಕೂ ಹಳೆಯ ಶೇಲ್ ಅದು. ಆಳದಲ್ಲಿ ಹೂತು 70–80 ಡಿಗ್ರಿ ದಾಟಿ, ಪೊಟ್ಯಾಸಿಯಂ ಸಿಕ್ಕರೆ ಸ್ಮೆಕ್ಟೈಟ್ (ನೀರು ಹೀರಿ ಉಬ್ಬುವ ಜೇಡಿ) ನಿಧಾನಕ್ಕೆ ಇಲೈಟ್ ಆಗುತ್ತೆ. ಹವಾಮಾನದ ಗುರುತು ಅಲ್ಲೇ ಅಳಿಸಿಹೋಗಿರುತ್ತೆ.

ನನಗೆ ಹೆಚ್ಚು ಭಯ ಆ ಅರ್ಧ ಮೀಟರಿನದ್ದು. ಅಲ್ಲಿ ಕೆಯೋಲಿನೈಟ್ ಇದ್ದರೂ ಶೇಲ್ ಬಯಲಿಗೆ ಬಿದ್ದಮೇಲೆ ಕೊಳೆತು ಆದದ್ದಿರಬಹುದು. ಕ್ವಾರಿಯ ಹೊಸ ಮುಖದಿಂದಲೋ ಬೋರ್ ಕೋರಿನಿಂದಲೋ ತಾಜಾ ತುಂಡು ತಂದು, ಎರಡನ್ನೂ ಪಕ್ಕಪಕ್ಕ ಸ್ಕ್ಯಾನ್ ಮಾಡಿಸಿ. ಆಳಕ್ಕೆ ಹೋದಂತೆ ಕೆಯೋಲಿನೈಟ್ ಕಡಿಮೆಯಾದರೆ ಅದು ಪ್ರಾಚೀನವಲ್ಲ.

ಬೆಳಗಾವಿ ಬಸಾಲ್ಟ್: ಲಾವಾ ಪದರಗಳ ನಡುವಿನ ಕೆಂಪು ಪಟ್ಟಿ ಬಿಸಿ ಹವೆಯ ಗುರುತು ತಾನೆ?

ಮೇಡಂ: ಬಣ್ಣದಿಂದ ಹೇಳೋಕಾಗಲ್ಲ. ಮೇಲೆ ಹರಿದ ಲಾವಾದ ಶಾಖಕ್ಕೇ ಗೋಥೈಟ್ (ಹಳದಿ-ಕಂದು ಕಬ್ಬಿಣದ ಖನಿಜ) ನೀರು ಕಳೆದುಕೊಂಡು ಕೆಂಪು ಹೆಮಟೈಟ್ ಆಗುತ್ತೆ.

ಹೊಸ ಸದಸ್ಯ: ಕೆಂಪು ಅಂದ್ರೆ ಬಿಸಿ ಹವೆಯೇ ಮೇಡಂ?

ಮೇಡಂ: ಮೇಲೆ ಓದಿ.

ಗ್ರಾಮದ ಗೆಳೆಯ: ಜೇಡಿ ಪರೀಕ್ಷೆಗೆ ಸ್ಯಾಂಪಲ್ ಮನೆಯಲ್ಲೇ ತಯಾರಿಸೋದು ಹೇಗೆ ಅಂತ ಫಾರ್ವರ್ಡ್ ಬಂದಿದೆ: ಕಲ್ಲನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಟಾಯ್ಲೆಟ್ ಆಸಿಡ್‌ನಲ್ಲಿ ಸುಣ್ಣ ತೆಗೆದು, ಲ್ಯಾಬ್‌ನಲ್ಲಿ ಜೇಡಿಯನ್ನು ಉಬ್ಬಿಸಿ ನೋಡಲು ಬಳಸುವ ಗ್ಲೈಕಾಲ್ ಬದಲು ಕಾರಿನ ಕೂಲೆಂಟ್ ಹಾಕಿ ಮನೆಯ ಓವನ್‌ನಲ್ಲಿ ಇಟ್ಟರೆ ಸಾಕಂತೆ.

ಮೇಡಂ: ಯಾರು ಬರೆಯುತ್ತಾರೋ ಇದನ್ನೆಲ್ಲ! ಹೈಡ್ರೋಕ್ಲೋರಿಕ್ ಆಸಿಡ್ ಕ್ಲೋರೈಟನ್ನು ತಿಂದುಬಿಡುತ್ತೆ. ಸುಣ್ಣಕ್ಕೆ ಪಿಎಚ್ 5ರ ಸೋಡಿಯಂ ಅಸಿಟೇಟ್–ಅಸಿಟಿಕ್ ಆಸಿಡ್ ಬಳಸಿ. ಜಾಸ್ತಿ ಅರೆದರೆ ಖನಿಜದ ಜೋಡಣೆಯೇ ಕೆಡುತ್ತೆ. ಕಡಲೆಕಾಳಿನಷ್ಟು ಒಡೆದು, ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಕದಡಿ ಬಿಡಿ. 20 ಡಿಗ್ರಿಯಲ್ಲಿ ಸುಮಾರು 4 ಗಂಟೆ ಆದಮೇಲೆ ಮೇಲಿನ 5 ಸೆಂಟಿಮೀಟರನ್ನು ಪಿಪೆಟ್‌ನಿಂದ ಎಳೆಯಿರಿ, 2 ಮೈಕ್ರಾನ್‌ಗಿಂತ ಸಣ್ಣದು ಸಿಗುತ್ತೆ. ಮೋಡದ ಹಾಗೆ ಮುದ್ದೆಗಟ್ಟಿ ಬೇಗ ಕೂತರೆ ಉಪ್ಪು ಉಳಿದಿದೆ, ಮತ್ತೆ ತೊಳೆಯಿರಿ. ಎಥಿಲೀನ್ ಗ್ಲೈಕಾಲ್ ವಿಷ, ರುಚಿಗೆ ಸಿಹಿ. ಅಡುಗೆಮನೆಗೆ ತರಲೇಬೇಡಿ, ಮಕ್ಕಳು ಇರೋ ಮನೆಯಲ್ಲಂತೂ. ಕೂಲೆಂಟ್‌ನಲ್ಲಿ ನೀರು, ಬಣ್ಣ, ಬೇರೆ ರಾಸಾಯನಿಕ ಎಲ್ಲ ಇದೆ.

ಸಿಐಎ ಅಭಿಮಾನಿ: ಇಷ್ಟೆಲ್ಲ ಯಾಕೆ? ರಾಸಾಯನಿಕ ಶಿಥಿಲತೆಯ ಸೂಚ್ಯಂಕ, ಸಿಐಎ (ಅಲ್ಯೂಮಿನಿಯಂಗೆ ಹೋಲಿಸಿ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಎಷ್ಟು ತೊಳೆದುಹೋಗಿದೆ ಅನ್ನೋ ಸಂಖ್ಯೆ) ಲೆಕ್ಕ ಹಾಕಿದರೆ ಮುಗೀತು. 80 ದಾಟಿದರೆ ಮಳೆಗಾಲದ ಹವೆ.

ಹೊನ್ನಾವರ: ತೂಕದ ಶೇಕಡಾದಲ್ಲಾ, ಮೋಲ್‌ನಲ್ಲಾ? ಕಾರ್ಬೊನೇಟ್‌ನ (ಸುಣ್ಣದ) ಕ್ಯಾಲ್ಸಿಯಂ ಕಳೆದ್ರಾ?

ಸಿಐಎ ಅಭಿಮಾನಿ: ಸಾಫ್ಟ್‌ವೇರ್ ಮಾಡುತ್ತೆ.

ಹೊನ್ನಾವರ: ಸುಣ್ಣ ಎಷ್ಟಿದೆ ಅಂತ ಸಾಫ್ಟ್‌ವೇರ್‌ಗೆ ಕನಸು ಬೀಳುತ್ತಾ? ಹೂತಮೇಲೆ ಸೇರಿದ ಪೊಟ್ಯಾಸಿಯಂ ಸಂಖ್ಯೆಯನ್ನು ಕೆಳಗೆ ಎಳೆಯುತ್ತೆ, ಅದೂ ಸಾಫ್ಟ್‌ವೇರ್‌ಗೆ ಗೊತ್ತಾ?

ಸಿಐಎ ಅಭಿಮಾನಿ: ನಿಮ್ಮ ಮಾತಿನ ಧಾಟಿ ಸರಿ ಇಲ್ಲ.

ಮೇಡಂ: ಇಬ್ಬರೂ ಹೊರಗೆ ಹೋಗಿ ಜಗಳಾಡಿ. ಸುಣ್ಣದ ಕ್ಯಾಲ್ಸಿಯಂ ಕಳೆಯಬೇಕು, ಲೆಕ್ಕ ಮೋಲ್‌ನಲ್ಲೇ ಹಾಕಬೇಕು.

ಕಡಲ ಕೆಸರು: 5.6 ಕೋಟಿ ವರ್ಷ ಹಿಂದೆ ಭೂಮಿ ಒಮ್ಮೆಲೇ 5–6 ಡಿಗ್ರಿ ಬಿಸಿಯಾದಾಗ ಹಲವೆಡೆ ಕಡಲ ಕೆಸರಲ್ಲಿ ಕೆಯೋಲಿನೈಟ್ ಏರಿತಲ್ಲ. ಅಷ್ಟು ಬೇಗ ಮಣ್ಣು ಹೇಗಾಯಿತು?

ಮೇಡಂ: ಅದೇ ಪ್ರಶ್ನೆ ಕೇಳಬೇಕು! ದಪ್ಪ ಕೆಯೋಲಿನೈಟ್ ಮಣ್ಣಿಗೆ ಸುಮಾರು 10 ಲಕ್ಷ ವರ್ಷ ಬೇಕು, ಆ ಬಿಸಿಯ ಘಟನೆ ಸುಮಾರು 2 ಲಕ್ಷದ್ದು. ಹಾಗಾಗಿ ಆಗ ಹುಟ್ಟಿದ್ದಕ್ಕಿಂತ ಹಳೆಯ ಮಣ್ಣು ಜೋರು ಮಳೆಗೆ ಕೊಚ್ಚಿ ಬಂದಿರುವ ಸಂಭವವೇ ಹೆಚ್ಚು. ಮಳೆಯ ಸುಳಿವು ಇದೆ, ಬೇರೆ ದಾರಿಯಲ್ಲಿ.

ಮಂಗಳೂರು: ಒಂದು ಸ್ಯಾಂಪಲ್‌ಗೆ ನಿಮ್ಮ ಲ್ಯಾಬ್‌ನಲ್ಲಿ ಎಷ್ಟು ದುಡ್ಡು?

ಹೊಸ ಸದಸ್ಯ 2: ಕೆಂಪು ಮಣ್ಣು ಬಿಸಿ ಹವೆಯಲ್ಲಿ ಮಾತ್ರ ಆಗೋದಾ?

ಹೊನ್ನಾವರ: ಯಾರಾದರೂ ಅವರಿಗೆ ಸ್ಕ್ರಾಲ್ ಮಾಡೋದು ಕಲಿಸಿ.

ಎಂಎಸ್ಸಿ ಬಾಗಲಕೋಟೆ: ಕಾಯಿಸಿದೆ ಮೇಡಂ. 7 ಹೋಯ್ತು, 14 ಎದ್ದಿದೆ.

ಮೇಡಂ: ಕ್ಲೋರೈಟ್ ಇದೆ. ಕಾಯಿಸುವ ಮುಂಚಿನ ಸ್ಕ್ಯಾನ್‌ನಲ್ಲಿ 3.58ಕ್ಕೆ ಏನಿತ್ತು, ಅದನ್ನು ಹೇಳಿ.