ವೈರ್ ಇರುವ ಗೇರ್ ತೆಗೆದು ವೈರ್‌ಲೆಸ್ ಹಾಕಿಸಬೇಕಾ?

ಪ್ರಶ್ನೆ: ಸರ್, ನನ್ನ ರೋಡ್ ಬೈಕ್‌ನಲ್ಲಿರುವುದು (ರಸ್ತೆಯ ಸ್ಪೋರ್ಟ್ಸ್ ಸೈಕಲ್) 11 ಸ್ಪೀಡ್‌ನ, ಅಂದರೆ ಹಿಂದೆ 11 ಹಲ್ಲುಚಕ್ರದ, ಎಲೆಕ್ಟ್ರಾನಿಕ್ ಗೇರ್, ವೈರ್ ಇರುವಂಥದ್ದು. ವರ್ಷಕ್ಕೆ ನಾಲ್ಕೈದು ಸಲ ಬೈಕ್ ಬಿಚ್ಚಿ ಬಾಕ್ಸ್‌ಗೆ ತುಂಬುತ್ತೇನೆ. ಹೋದ ಸಲ ಮತ್ತೆ ಜೋಡಿಸಿದ ಮೇಲೆ ಹಿಂದಿನ ಗೇರ್ ಅಲುಗಲೇ ಇಲ್ಲ. ಬ್ಯಾಟರಿ ಫುಲ್ ಇತ್ತು. ವೈರ್‌ಲೆಸ್ ಹಾಕಿಸಿಬಿಡಲಾ?

ಉತ್ತರ: ದುಡ್ಡು ಬಿಚ್ಚುವ ಮೊದಲು ಹಿಂದಿನ ಡಿರೈಲರ್‌ಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ವೈರ್ ಸೇರುವ ಜಾಗ ನೋಡಿ. ಆ ಪ್ಲಗ್ 'ಟಕ್' ಅನ್ನುವವರೆಗೆ ಒಳಗೆ ಹೋಗಬೇಕು. ಕಣ್ಣಿಗೆ ಸರಿಯಾಗಿ ಕೂತ ಹಾಗೇ ಕಾಣುತ್ತದೆ, ಆದರೆ ಚೂರೇ ಚೂರು ಹೊರಗಿದ್ದರೂ ಗೇರ್ ಸತ್ತ ಹಾಗೆ. ಬೆರಳಿಂದ ಒತ್ತಿದರೆ ಸಾಲದು, ಅದಕ್ಕೆಂದೇ ಇರುವ ಪುಟ್ಟ ಪ್ಲಾಸ್ಟಿಕ್ ಟೂಲ್‌ನಿಂದ ಒತ್ತಿ. ಬಾಕ್ಸ್‌ನಿಂದ ಬಂದ ಬೈಕ್‌ಗಳಲ್ಲಿ ನಾನು ಮೊದಲು ಮುಟ್ಟಿ ನೋಡುವುದೇ ಇದನ್ನು.

ಪ್ರಶ್ನೆ: ಒತ್ತಿದೆ ಸರ್, ಟಕ್ ಅಂತು, ಗೇರ್ ಬಂತು! ಆದರೂ ಪ್ರತಿ ಸಲ ಇದೇ ಭಯ ಅಲ್ವಾ?

ಉತ್ತರ: ಭಯ ನಿಜ. ಪದೇ ಪದೇ ಪ್ಯಾಕ್ ಮಾಡುವವರಿಗೆ ವೈರ್‌ಲೆಸ್ ದೊಡ್ಡ ನೆಮ್ಮದಿ. 2015ರಲ್ಲಿ ಬಂದ ಸ್ರಾಮ್ ಕಂಪನಿಯ ಇಟ್ಯಾಪ್ ವೈರ್‌ಲೆಸ್ ಗೇರ್‌ನಲ್ಲಿ ಒಂದೊಂದು ಡಿರೈಲರ್‌ಗೂ ಅದರದೇ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 60 ಗಂಟೆ ರೈಡ್. ಹಿಂದಿನದು ದಾರಿಯಲ್ಲಿ ಖಾಲಿಯಾದರೆ ಮುಂದಿನದನ್ನು ಕಿತ್ತು ಹಿಂದೆ ಹಾಕಿ ಮನೆ ಸೇರಬಹುದು, ಇದು ನನಗೆ ಬಹಳ ಇಷ್ಟ. ಸಾಗಿಸುವಾಗ ಮಾತ್ರ ಬ್ಯಾಟರಿ ತೆಗೆದಿಡಿ. ಅಲುಗಾಡಿದರೆ ಡಿರೈಲರ್ ಎಚ್ಚರವಾಗಿ ಸುಮ್ನೆ ಚಾರ್ಜ್ ತಿನ್ನುತ್ತದೆ.

2021ರಲ್ಲಿ ಇನ್ನೊಂದು ಗೇರ್ ಕಂಪನಿ ಶಿಮಾನೊ ಮಧ್ಯದ ದಾರಿ ಹಿಡಿಯಿತು. ಶಿಫ್ಟರ್‌ಗೆ (ಬ್ರೇಕ್ ಲಿವರ್ ಜೊತೆಗೇ ಇರುವ, ಗೇರ್ ಬದಲಿಸುವ ಗುಂಡಿ) ವೈರ್ ಬೇಡ, ಒಳಗೆ ನಾಣ್ಯದಂಥ ಸೆಲ್. ಎರಡೂ ಡಿರೈಲರ್‌ಗಳಿಗೆ ಮಾತ್ರ ಫ್ರೇಮ್ ಒಳಗಿನ ಒಂದೇ ಬ್ಯಾಟರಿಯಿಂದ ವೈರ್. ಚಾರ್ಜ್ ಮಾಡಬೇಕಾದ್ದು ಒಂದೇ, ಹ್ಯಾಂಡಲ್‌ಬಾರ್ ಬಿಚ್ಚುವಾಗ ಗೇರ್ ವೈರಿನ ಕಾಟವೂ ಇಲ್ಲ.

ಆದರೂ ನಿಮ್ಮ ಬೈಕ್‌ಗೆ ಈಗ ಬೇಡ ಅನ್ನುತ್ತೇನೆ. ಶಿಮಾನೊದ ಈ ಗೇರ್ 12 ಸ್ಪೀಡ್‌ನದು, ಅದಕ್ಕೆ ಹೋದರೆ ಶಿಫ್ಟರ್, ಡಿರೈಲರ್, ಚೈನ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಎಲ್ಲಾ ಬದಲಾಗಬೇಕು. ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಬ್ರೇಕ್ ಇದ್ದರೆ ಅದರ ಕೆಲಸವೂ ಸೇರುತ್ತದೆ. ಗೇರ್ ಬೀಳುವ ವೇಗದಲ್ಲಿ ನಿಮ್ಮ ಕಾಲಿಗೆ ಗೊತ್ತಾಗುವಷ್ಟು ವ್ಯತ್ಯಾಸ ಸಿಗಲ್ಲ. ಹೊಸ ಬೈಕ್ ಕೊಳ್ಳುವ ದಿನ ಧೈರ್ಯವಾಗಿ ವೈರ್‌ಲೆಸ್ ತೊಗೊಳ್ಳಿ.

ಇನ್ನೊಬ್ಬ ಸದಸ್ಯರು: ವೈರ್‌ಲೆಸ್ ಆದರೆ ಬೇರೆಯವರು ನಮ್ಮ ಗೇರ್ ಬದಲಿಸಬಹುದಂತೆ, ಹೌದಾ?

ಉತ್ತರ: 2024ರಲ್ಲಿ ಸಂಶೋಧಕರು ಅದನ್ನು ಮಾಡಿ ತೋರಿಸಿದರು. ಶಿಮಾನೊ ಶಿಫ್ಟರ್‌ನ ಸಿಗ್ನಲ್ ರೆಕಾರ್ಡ್ ಮಾಡಿಕೊಂಡು, ಅದನ್ನೇ ವಾಪಸ್ ಕಳಿಸಿ ಗೇರ್ ಬದಲಿಸಿದರು. ಕಂಪನಿ ಅದಕ್ಕೆ ಅಪ್‌ಡೇಟ್ ಕೊಟ್ಟಿದೆ. ಫೋನ್ ಆ್ಯಪ್‌ನಲ್ಲಿ ಇವತ್ತೇ ಹಾಕಿಕೊಳ್ಳಿ.