ಬೂದು ಫರ್ಗ್ಯುಸನ್ ಮೈಗೆ ಮೂರು ಸಿಲಿಂಡರ್ ಎಂಜಿನ್: ಇದು ಯಾವ ಟ್ರ್ಯಾಕ್ಟರ್?

ಪಾಂಡವಪುರ ತಾಲ್ಲೂಕಿನಿಂದ ಪ್ರಶ್ನೆ

ನಮಸ್ಕಾರ. ಕೊಟ್ಟಿಗೆಯಲ್ಲಿ ವರ್ಷಗಳಿಂದ ನಿಂತಿರುವ ಟ್ರ್ಯಾಕ್ಟರ್ ಒಂದಿದೆ. ಬಾನೆಟ್ ಬೂದು ಬಣ್ಣ, ಬಣ್ಣ ಎದ್ದ ಕಡೆ ಕೆಂಪು ಕಾಣುತ್ತೆ. ಎಂಜಿನ್ ಮೂರು ಸಿಲಿಂಡರ್ ಡೀಸೆಲ್. ಗೇರ್ ಮುಂದಕ್ಕೆ ನಾಲ್ಕು, ಹಿಂದಕ್ಕೆ ಒಂದು. ಡ್ಯಾಶ್ ಮೇಲೆ ಕಂಪನಿಯ ನಂಬರ್ ಪ್ಲೇಟ್ ಇಲ್ಲ, ರಿವೆಟ್ ತೂತು ಮಾತ್ರ ಉಳಿದಿವೆ. ಎಂಜಿನ್ನಿನ ಎರಡೂ ಪಕ್ಕಕ್ಕೆ ಉದ್ದಕ್ಕೂ ಚಾನೆಲ್ ಕಬ್ಬಿಣ ಹೊಡೆದಿದ್ದಾರೆ. ಒಬ್ಬರು ಹಳೇ ಫರ್ಗ್ಯುಸನ್ ಅಂತಾರೆ, ಇನ್ನೊಬ್ಬರು ಮ್ಯಾಸಿ 35 (ಮ್ಯಾಸಿ ಫರ್ಗ್ಯುಸನ್ 35) ಅಂತಾರೆ, ಗುಜರಿಯವರು ತೂಕಕ್ಕೆ ಕೇಳ್ತಿದ್ದಾರೆ. ಎಲ್ಲಿಂದ ನೋಡಬೇಕು, ಉಳಿಸಿಕೊಳ್ಳಬಹುದಾ, ಗೊತ್ತಿರೋರು ಹೇಳಿ.

ಮೈಸೂರು, ಬನ್ನಿಮಂಟಪ

ಅಣ್ಣ, ಬಾನೆಟ್ ನೋಡಿ ಗಾಡಿ ಹೆಸರು ಹೇಳಬೇಡಿ. ಬಾನೆಟ್, ಮಡ್‌ಗಾರ್ಡ್, ಸ್ಟೇರಿಂಗ್ ಚಕ್ರ ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಬದಲಾಗೋ ಸಾಮಾನು. ಹಿಂದಿನ ಹೌಸಿಂಗ್ (ಗೇರು, ಆಕ್ಸಲ್ ಕೂರುವ ಎರಕದ ಪೆಟ್ಟಿಗೆ) ಮಾತ್ರ ಯಾರೂ ಸುಮ್ಮನೆ ಬದಲಾಯಿಸಲ್ಲ. ಅಲ್ಲಿಂದ ಶುರು ಮಾಡಿ ಮುಂದಕ್ಕೆ ಬನ್ನಿ.

ನಾಲ್ಕು ಮುಂದೆ ಒಂದು ಹಿಂದೆ ಅಂದರೆ ಮ್ಯಾಸಿ 35 ಅಲ್ಲ, ಅದಕ್ಕೆ ಆರು ಮುಂದೆ ಎರಡು ಹಿಂದೆ. ಮಹೀಂದ್ರ ಬಿ-275 ಕೂಡ ಅಲ್ಲ, ಅದು ಎಂಟು ಮುಂದೆ ಎರಡು ಹಿಂದೆ. ನಾಲ್ಕು-ಒಂದು ಇರೋದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗ್ಯುಸನ್ ಟಿಇ20ಯಲ್ಲಿ. ಖಾತ್ರಿಗೆ ಮೂರು ಪರೀಕ್ಷೆ:

ಪಿಟಿಒ ಶಾಫ್ಟ್‌ಗೆ (ಹಿಂದೆ ಹೊರಚಾಚಿರುವ, ಬೇರೆ ಯಂತ್ರಕ್ಕೆ ಎಂಜಿನ್ ಶಕ್ತಿ ಕೊಡೋ ದಂಡಕ್ಕೆ) ವರ್ನಿಯರ್ ಹಿಡಿಯಿರಿ. ಟಿಇ20ರದ್ದು 1⅛ ಇಂಚು, ಅಂದರೆ 28.6 ಮಿ.ಮೀ. ಮ್ಯಾಸಿ 35 ಮತ್ತು ಈಗಿನ ಗಾಡಿಗಳದ್ದು 1⅜ ಇಂಚು, 35 ಮಿ.ಮೀ. ಹತ್ತಿರ. ಮೇಲೆ ಕೊಳವೆಯಂಥ ಸ್ಲೀವ್ ಹಾಕಿ ದಪ್ಪ ಮಾಡಿರೋದೂ ಉಂಟು. ಅಡ್ಡ ಪಿನ್ ಅಥವಾ ಬೋಲ್ಟ್ ಕಂಡರೆ ಬಿಚ್ಚಿ ಅಳೆಯಿರಿ.

ಗೇರ್ ಲಿವರ್ ಬುಡದಲ್ಲಿ ‘ಎಸ್’ ಗುರುತು ಇದೆಯಾ ನೋಡಿ. ಟಿಇ20ಯಲ್ಲಿ ಸ್ಟಾರ್ಟರ್ ಬಟನ್ ಬೇರೆ ಇಲ್ಲ, ಗೇರ್ ಲಿವರನ್ನೇ ಎಸ್ ಕಡೆಗೆ ತಳ್ಳಿದರೆ ಸ್ಟಾರ್ಟ್ ಆಗುತ್ತೆ. ಗೇರಲ್ಲಿರುವಾಗ ಗಾಡಿ ಸ್ಟಾರ್ಟ್ ಆಗಬಾರದು ಅಂತಲೇ ಆ ವ್ಯವಸ್ಥೆ. ಎಂಜಿನ್ ಬದಲಾಯಿಸಿದವರು ಇದನ್ನು ಬಿಟ್ಟು ಬೇರೆ ಸ್ವಿಚ್ ಹಾಕಿರ್ತಾರೆ. ಹಾಗಿದ್ದರೆ ಗೇರ್ ನ್ಯೂಟ್ರಲ್ ಆಗಿದೆಯಾ ಅಂತ ಎರಡು ಸಲ ನೋಡದೆ ಕೀ ಮುಟ್ಟಬೇಡಿ.

ಮೂರನೆಯದು, ಮೂರೂ ಇಂಜೆಕ್ಟರ್ ಬಿಚ್ಚಿ ಕಂಪ್ರೆಷನ್ ಬಿಡಿಸಿ. ಗೇರ್ ನ್ಯೂಟ್ರಲ್ಲಿಗೆ ತಂದು ಪಿಟಿಒ ಲಿವರ್ ಹಾಕಿ, ಕ್ರಾಂಕ್ (ಎಂಜಿನ್ನಿನ ಮುಖ್ಯ ದಂಡ) ಪುಲ್ಲಿಗೂ ಪಿಟಿಒ ತುದಿಗೂ ಸೀಮೆಸುಣ್ಣದ ಗೆರೆ ಎಳೆದು ಕೈಯಲ್ಲಿ ತಿರುಗಿಸಿ. ಕ್ರಾಂಕ್ 11 ಸುತ್ತು ಬಂದಾಗ ಪಿಟಿಒ ಹೆಚ್ಚುಕಮ್ಮಿ 4 ಸುತ್ತು ಬರಬೇಕು. ಲೆಕ್ಕ ಬೇರೆ ಬಂದರೆ ಹಿಂಬದಿಯೊಳಗೇ ಕೈಯಾಡಿಸಿದ್ದಾರೆ ಅಂತ ಅರ್ಥ.

ಮದ್ದೂರು

ಬಣ್ಣದ ಬಗ್ಗೆ ಒಂದು ಮಾತು. ಬಾನೆಟ್ಟಿನ ಒಳಮೈಯಲ್ಲಿ ರೂಪಾಯಿ ಅಗಲ ಜಾಗವನ್ನು 400 ನಂಬರ್ ನೀರು ಪೇಪರಲ್ಲಿ ನಿಧಾನಕ್ಕೆ ಉಜ್ಜಿ, ಪದರ ಉಂಗುರ ಉಂಗುರವಾಗಿ ಬಿಚ್ಚಿಕೊಳ್ಳುತ್ತೆ. ತಗಡಿನ ಪಕ್ಕದ ಪ್ರೈಮರ್ ಮೇಲೆ ಮೊದಲು ಬಂದಿದ್ದು ಕೆಂಪಾದರೆ ಅದು 1957ರ ಕೊನೆಯ ನಂತರದ ಮ್ಯಾಸಿ 35ರ ಬಾನೆಟ್ ಇರಬಹುದು. ಮೊದಲು ಬೂದು, ಆಮೇಲೆ ಕೆಂಪು, ಮತ್ತೆ ಬೂದು ಅಂದರೆ ಫರ್ಗ್ಯುಸನ್ ಬಾನೆಟ್ಟಿಗೇ ಯಾರೋ ಮ್ಯಾಸಿ ವೇಷ ಹಾಕಿ ತೆಗೆದಿದ್ದಾರೆ. ಈ ಪರೀಕ್ಷೆ ಮುಗಿಯೋವರೆಗೆ ಪೂರ್ತಿ ಕೆರೆಸಿ ಹೊಸ ಪೇಂಟ್ ಹೊಡೆಸಬೇಡಿ.

ಮಂಡ್ಯ, ಲೇತ್ ಮತ್ತು ಎಂಜಿನ್ ಕೆಲಸ

ಈಗ ಎಂಜಿನ್ ವಿಚಾರ. ಟಿಇ20 ಬಂದಿದ್ದೇ ನಾಲ್ಕು ಸಿಲಿಂಡರಿನಲ್ಲಿ: ಪೆಟ್ರೋಲ್, ಸೀಮೆಎಣ್ಣೆ ಜಾತಿಯದು, 1951ರಿಂದ ಡೀಸೆಲ್. ಮೂರು ಸಿಲಿಂಡರ್ ಅಂದಕೂಡಲೇ ಕಲಬೆರಕೆ ಅಂತ ತೀರ್ಮಾನ ಮಾಡೋದು ತಪ್ಪು. ಆ ಕಾಲದಲ್ಲೇ ಪರ್ಕಿನ್ಸ್ ಕಂಪನಿ ಟಿಇ20ಗೆ ಹಾಕೋಕೆ ಅಂತ ತನ್ನ ಪಿ3 ಡೀಸೆಲ್ ಎಂಜಿನ್ ಮಾರುತ್ತಿತ್ತು. ನಿಮ್ಮದು ಅದೇ ಆಗಿದ್ದರೆ ಗಾಡಿಗೆ ಗುಜರಿ ಬೆಲೆ ಕಟ್ಟೋದು ಅನ್ಯಾಯ.

ಪಿ3 ಮತ್ತು ಮ್ಯಾಸಿ 35ರ ಎ3.152 ಅಣ್ಣತಮ್ಮ ಇದ್ದ ಹಾಗೆ. ಎರಡರ ಸ್ಟ್ರೋಕೂ (ಪಿಸ್ಟನ್ ಓಡಾಡುವ ದೂರ) 5 ಇಂಚು, ಅದನ್ನು ಅಳೆದು ಏನೂ ತಿಳಿಯಲ್ಲ. ಬೋರ್ (ಸಿಲಿಂಡರಿನ ಒಳವ್ಯಾಸ) ಅಳೆಯಬೇಕು: ಪಿ3 ಆದರೆ 88.9 ಮಿ.ಮೀ., 152 ಆದರೆ 91.4 ಮಿ.ಮೀ. ಸವೆದ ಲೈನರ್ ಮೇಲ್ತುದಿಯಲ್ಲಿ, ರಿಂಗ್ ಮುಟ್ಟದ ಅಂಚಿನಲ್ಲೇ ಅಳೆಯಿರಿ, ಕೆಳಗೆ ಅಳೆದರೆ ಸವೆತವೂ ಸೇರಿಕೊಳ್ಳುತ್ತೆ. ಹೆಡ್ ಬಿಚ್ಚಿದಾಗ ಪಿಸ್ಟನ್ ತಲೆಯಲ್ಲಿ ಬಟ್ಟಲಿನಂಥ ಗುಂಡಿ ಕಂಡರೆ ನೇರ ಇಂಜೆಕ್ಷನ್ನಿನ 152. ಬ್ಲಾಕ್ ಪಕ್ಕದ ಗ್ರೀಸನ್ನು ಸೀಮೆಎಣ್ಣೆ ಹಾಕಿ ತಂತಿ ಬ್ರಷ್ಷಿನಲ್ಲಿ ತೆಗೆದು ಹೆಸರು, ನಂಬರ್ ಓದಿ. ಚೆನ್ನೈನ ಸಿಂಪ್ಸನ್ ಪರ್ಕಿನ್ಸ್ ಎಂಜಿನ್‌ಗಳನ್ನು ಇಲ್ಲೇ ತಯಾರಿಸಿದೆ. ಆ ಹೆಸರಿದ್ದರೆ ಎಂಜಿನ್ ನಮ್ಮ ದೇಶದಲ್ಲೇ ಕೂತದ್ದು.

ನನಗೆ ಚಿಂತೆ ಹುಟ್ಟಿಸಿದ್ದು ಆ ಚಾನೆಲ್ ಕಬ್ಬಿಣ. ಫರ್ಗ್ಯುಸನ್ನಿಗೆ ಲಾರಿ ಥರ ಚಾಸಿಸ್ ಇಲ್ಲ. ಮುಂದಿನ ಆಕ್ಸಲ್, ಎಂಜಿನ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟಾಗಿ ಅವೇ ಬೆನ್ನೆಲುಬು. ಎಂಜಿನ್ ಭಾರ ಹೊರಬೇಕಾದರೆ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ದಪ್ಪ ಎರಕದ್ದಿರಬೇಕು. ತಗಡಿನ ಸಂಪ್ ಇರುವ ಪಂಪ್‌ಸೆಟ್ ಎಂಜಿನ್ನನ್ನೋ ಜನರೇಟರ್ ಎಂಜಿನ್ನನ್ನೋ ತಂದಿದ್ದರೆ ಚಾನೆಲ್ ಇಲ್ಲದೆ ನಿಲ್ಲಲ್ಲ. ಆಯಸ್ಕಾಂತ ಎರಡಕ್ಕೂ ಅಂಟುತ್ತೆ, ಅದರಿಂದ ಪ್ರಯೋಜನವಿಲ್ಲ. ಪಾನಾ ಹಿಡಿಯಲ್ಲಿ ತಟ್ಟಿ: ತಗಡು ಟಣ್ ಅನ್ನುತ್ತೆ, ಎರಕ ಮಂದವಾಗಿ ಕೇಳುತ್ತೆ. ಎರಕದ ಸಂಪ್ ಇದ್ದೂ ಚಾನೆಲ್ ಇದ್ದರೆ ಬಿರುಕು ಹುಡುಕಿ, ಮುಖ್ಯವಾಗಿ ಬೋಲ್ಟ್ ತೂತುಗಳ ಸುತ್ತ.

ಆಮೇಲೆ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ ಅಡಾಪ್ಟರ್ ಪ್ಲೇಟ್. ಗ್ಯಾಸ್ ಕಟ್ಟರಿನಲ್ಲಿ ಕೊಯ್ದ ಅಂಚು ಅಲೆಅಲೆಯಾಗಿ ಕಾಣುತ್ತೆ, ಅದು ಊರಿನ ಕೆಲಸ. ಊರಿನ ಕೆಲಸವಾದ ಮಾತ್ರಕ್ಕೆ ಕೆಟ್ಟದ್ದಲ್ಲ, ಸೆಂಟರ್ ಸರಿಯಿರಬೇಕು ಅಷ್ಟೆ. ಗಾಡಿಯನ್ನು ನಡುವೆ ಬಿಚ್ಚಿದಾಗ ಡಯಲ್ ಗೇಜನ್ನು (ಕೂದಲೆಳೆ ವ್ಯತ್ಯಾಸ ತೋರಿಸೋ ಅಳತೆ ಸಾಧನ) ಫ್ಲೈವೀಲಿಗೆ ಕೂರಿಸಿ, ಮುಳ್ಳನ್ನು ಪ್ಲೇಟಿನ ಸೆಂಟರ್ ತೂತಿನ ಒಳಗೋಡೆಗೆ ತಾಗಿಸಿ ಕ್ರಾಂಕ್ ಒಂದು ಸುತ್ತು ತಿರುಗಿಸಿ. ಗೇಜ್ ತೋರಿಸುವ ಒಟ್ಟು ಏರಿಳಿತ 0.25 ಮಿ.ಮೀ. ಒಳಗಿರಬೇಕು. ಮೀರಿದರೆ ಕ್ಲಚ್ ಶಾಫ್ಟಿನ ತುದಿಯ ಪೈಲಟ್ ಬೇರಿಂಗ್ ಕೂಗುತ್ತೆ, ಕ್ಲಚ್ ಪ್ಲೇಟಿನ ಹಬ್ ಸೀಳುತ್ತೆ, ಸ್ಪ್ಲೈನ್ (ಶಾಫ್ಟಿನ ಉದ್ದ ಹಲ್ಲು) ಸವೆಯುತ್ತೆ. ಪ್ಲೇಟ್ ಹಾಕಿ ಹಾಕಿ ಸಾಕಾದರೂ ಕಾಯಿಲೆ ಹೋಗಲ್ಲ. ಸೆಂಟರ್ ಕೂರಿಸಿದ ಮೇಲೆ ಎರಡು ಡೋವೆಲ್ ಪಿನ್ ಹಾಕಲೇಬೇಕು. ಬರೀ ಬೋಲ್ಟ್ ನಂಬಿದರೆ ಟ್ರೇಲರ್ ಎಳೆತಕ್ಕೆ ಮತ್ತೆ ಜರುಗುತ್ತೆ.

ಬೋಲ್ಟ್ ನೋಡಿ ಮೂಲ ಹೇಳೋಕೆ ಹೋಗಬೇಡಿ, ಎರಕದ ತೂತಿನ ಥ್ರೆಡ್ ನೋಡಿ. 3/8 ಇಂಚಿನ ದಪ್ಪ ಥ್ರೆಡ್ ಆದರೆ ಇಂಚಿಗೆ 16, ಹತ್ತರ ಮೆಟ್ರಿಕ್ ಆದರೆ 1.5 ಮಿ.ಮೀ. ಪಿಚ್. ಪಿಚ್ ಗೇಜ್ ಇಟ್ಟರೆ ತಕ್ಷಣ ಗೊತ್ತಾಗುತ್ತೆ. 19ರ ಪಾನಾ ಮುಕ್ಕಾಲು ಇಂಚಿನ ತಲೆಗೂ ಸರಿಯಾಗಿ ಕೂತು ದಾರಿ ತಪ್ಪಿಸುತ್ತೆ. ಫರ್ಗ್ಯುಸನ್, ಪರ್ಕಿನ್ಸ್ ಎರಡೂ ಇಂಚಿನವು. ಎರಕದಲ್ಲೇ ಮೆಟ್ರಿಕ್ ಸಿಕ್ಕರೆ ಆ ಭಾಗ ಜೀಟರ್, ಐಷರ್ ಅಥವಾ ರಷ್ಯದ ಗಾಡಿಯದ್ದೋ, ಇಲ್ಲಿ ಹೊಸದಾಗಿ ಟ್ಯಾಪ್ ಹೊಡೆದದ್ದೋ ಆಗಿರುತ್ತೆ.

ಮಂಡ್ಯ

ಹಳೇ ಆರ್‌ಸಿ ಹುಡುಕಿ. ಇಂಧನದ ಜಾಗದಲ್ಲಿ ಪೆಟ್ರೋಲ್ ಅಂತಿದ್ದರೆ ಎಂಜಿನ್ ಬದಲಾದದ್ದಕ್ಕೆ ಅದೇ ಸಾಕ್ಷಿ. ಚಾಸಿಸ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಜೊತೆ ತಾಳೆ ನೋಡಿ. ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ನಮೂದಾಗದಿದ್ದರೆ ಆರ್‌ಟಿಒದಲ್ಲಿ ಸರಿಮಾಡಿಸಿಕೊಂಡೇ ರಸ್ತೆಗೆ ಇಳಿಸಿ. ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ.

ಪಾಂಡವಪುರ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪಿಟಿಒ 28.5 ಬಂತು. ‘ಎಸ್’ ಗುರುತು ಇದೆ. 11ಕ್ಕೆ 4 ಸರಿಹೋಯ್ತು. ಬಾನೆಟ್ಟಿನಲ್ಲಿ ತಗಡಿನ ಪಕ್ಕ ಬೂದು, ಮೇಲೆ ಕೆಂಪು, ಮತ್ತೆ ಬೂದು. ಹೆಡ್ ಬಿಚ್ಚಿಸಿದೆ: ಬೋರ್ 91.4, ಪಿಸ್ಟನ್ ತಲೆಯಲ್ಲಿ ಗುಂಡಿ ಇದೆ, ಬ್ಲಾಕ್ ಮೇಲೆ ಸಿಂಪ್ಸನ್ ಹೆಸರಿದೆ. ಸಂಪ್ ತಗಡಿನದು.

ಮಂಡ್ಯ, ಲೇತ್ ಮತ್ತು ಎಂಜಿನ್ ಕೆಲಸ

ಹಾಗಾದರೆ ಹಿಂಬದಿ, ಬಾನೆಟ್ ಎರಡೂ ಟಿಇ20. ಎಂಜಿನ್ 152ರದ್ದು, ಬೇರೆ ಕೆಲಸಕ್ಕಿದ್ದದ್ದನ್ನು ಇಲ್ಲಿ ತಂದು ಕೂರಿಸಿದ್ದಾರೆ. ಕಂಪನಿ ಪಿ3 ಅಲ್ಲ, ಆದರೆ ಉಳಿಸಿಕೊಳ್ಳೋ ಗಾಡಿ, ಗುಜರಿಗೆ ಕೊಡಬೇಡಿ. ಜಾಕ್ ಕೊಡೋ ಮುಂಚೆ ಚಾನೆಲ್ ಬಿಚ್ಚಬೇಡಿ, ಸದ್ಯಕ್ಕೆ ಭಾರ ಹೊತ್ತಿರೋದು ಅದೇ. ಮುಂಬದಿ, ಹಿಂಬದಿ ಎರಡಕ್ಕೂ ಜಾಕ್ ಕೊಟ್ಟು, ನಡುವೆ ಬಿಚ್ಚಿ ಡಯಲ್ ಹಿಡಿಸಿ. ಮ್ಯಾಸಿ 35ರ ಎರಕದ ಸಂಪ್ ಗುಜರಿಯಲ್ಲಿ ಸಿಕ್ಕರೆ ಬ್ಲಾಕಿನ ಬೋಲ್ಟ್ ತೂತು, ಆಯಿಲ್ ಪಂಪಿನ ಜಾಗ ಹೊಂದುತ್ತಾ ಅಂತ ಅಲ್ಲೇ ಇಟ್ಟು ನೋಡಿ ತಗೊಳ್ಳಿ. ಗೇರ್ ಆಯಿಲ್ ಪೂರ್ತಿ ಇಳಿಸಿ. ಇದರಲ್ಲಿ ಹಿಂದಿನ ಹೈಡ್ರಾಲಿಕ್ ಲಿಫ್ಟಿಗೂ ಗೇರಿಗೂ ಒಂದೇ ಎಣ್ಣೆ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪಂಪೂ ಕೆಡುತ್ತೆ. ಲಿಫ್ಟ್ ಏಳಲಿಲ್ಲ ಅಂತ ಪಂಪ್ ಬಿಚ್ಚೋ ಮುಂಚೆ ಪಿಟಿಒ ಲಿವರ್ ಹಾಕಿ ನೋಡಿ, ಅದು ಹಾಕದೆ ಟಿಇ20 ಪಂಪ್ ತಿರುಗೋದೇ ಇಲ್ಲ. ಎಂಜಿನ್ ಶಕ್ತಿ ಜಾಸ್ತಿಯಾಗಿದೆ ಅಂತ ಕಬ್ಬಿನ ಟ್ರೇಲರ್ ಕಟ್ಟಬೇಡಿ. ಬ್ರೇಕೂ ಹಿಂದಿನ ಆಕ್ಸಲೂ ಹಳೇ ಟಿಇ20ರದ್ದೇ, ಇಳಿಜಾರಿನಲ್ಲಿ ಲೋಡು ಹಿಡಿಯಲ್ಲ.