ಬೆಳಗಾದರೆ ಹಿಂಭಾಗ ಕೂತಿರುವ ಕಾರು: ಗ್ಯಾರೇಜ್ ಮೇಷ್ಟ್ರಿಗೆ ಪ್ರಶ್ನೆಗಳು

ಗ್ಯಾರೇಜ್ ಮೇಷ್ಟ್ರು: ಇವತ್ತು ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಬ್ಯಾಗಿನ ಮೇಲೆ ನಿಲ್ಲುವ ಗಾಡಿಗಳ ಬಗ್ಗೆ ಮಾತ್ರ ಕೇಳಿ. ಗಾಡಿ ಎಷ್ಟು ಹಳೆಯದು, ಎಷ್ಟು ಓಡಿದೆ, ಒಂದು ಕಡೆ ಇಳಿಯುತ್ತಾ ಎರಡೂ ಕಡೆನಾ, ಎಷ್ಟು ಹೊತ್ತಿಗೆ ಇಳಿಯುತ್ತೆ, ಇಷ್ಟು ಬರೆಯಿರಿ. ಸುಮ್ನೆ "ಗಾಡಿ ಡೌನ್ ಆಗಿದೆ, ಏನ್ಮಾಡ್ಲಿ" ಅಂದರೆ ನನಗೂ ಏನೂ ಗೊತ್ತಾಗಲ್ಲ.

ಕಾಫಿತೋಟ, ಸಕಲೇಶಪುರ: ನಮಸ್ಕಾರ ಮೇಷ್ಟ್ರೇ. ನಮ್ಮದು 2012ರ ಏಳು ಸೀಟಿನ ಜರ್ಮನ್ ಎಸ್‌ಯುವಿ. ಕಂಪನಿ ಹೆಸರು ಇಲ್ಲಿ ಬೇಡ ಬಿಡಿ. 1,18,000 ಕಿ.ಮೀ. ಆಗಿದೆ. ಹಿಂದೆ ಮಾತ್ರ ಏರ್, ಮುಂದೆ ಮಾಮೂಲಿ ಕಾಯಿಲ್ ಸ್ಪ್ರಿಂಗ್. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹಿಂಭಾಗ ಎರಡೂ ಕಡೆ ನಾಲ್ಕು ಬೆರಳು ಇಳಿದು, ನಾಯಿ ಕೂತ ಹಾಗೆ ಕೂತಿರುತ್ತೆ. ಸ್ಟಾರ್ಟ್ ಮಾಡಿದರೆ ಎರಡು ನಿಮಿಷದಲ್ಲಿ ಎದ್ದು ನಿಲ್ಲುತ್ತೆ. ತೋರಿಸಿದ ಕಡೆ ಎರಡು ಬ್ಯಾಗು, ಗಾಳಿ ತುಂಬುವ ಕಂಪ್ರೆಸರ್, ಗಾಳಿ ಹಂಚುವ ವಾಲ್ವ್ ಬ್ಲಾಕ್ ಎಲ್ಲ ಹೊಸದು ಹಾಕಬೇಕು ಅಂದರು. ಆದರೆ ಬೆಂಗಳೂರಿನಲ್ಲಿ ಮಾವನವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೂರು ರಾತ್ರಿ ನಿಲ್ಲಿಸಿದ್ದೆ, ಒಂದಿಷ್ಟೂ ಇಳಿಯಲಿಲ್ಲ. ನಮ್ಮೂರಿನ ಚಳಿಗೆ ಹೀಗಾಗುತ್ತಾ?

ಜಯನಗರ 4ನೇ ಬ್ಲಾಕ್: ಕಂಪ್ರೆಸರ್ ರೇಟ್ ಎಷ್ಟು ಸರ್?

ಗ್ಯಾರೇಜ್ ಮೇಷ್ಟ್ರು: ಚಾಸಿಸ್ ನಂಬರ್ ಇಲ್ಲದೆ ರೇಟ್ ಹೇಳುವುದು ಜಾತಕ ನೋಡದೆ ಮುಹೂರ್ತ ಇಟ್ಟ ಹಾಗೆ. ಹೇಳಲ್ಲ.

ಸಕಲೇಶಪುರದವರೇ, ನಿಮ್ಮದು ಸ್ವಾರಸ್ಯದ ಕೇಸು. ಚಳಿಗೆ ಗಾಳಿ ಕುಗ್ಗುತ್ತೆ ನಿಜ. ಆದರೆ 10 ಡಿಗ್ರಿ ಇಳಿದರೆ ಕುಗ್ಗುವುದು ನೂರಕ್ಕೆ ಮೂರೋ ನಾಲ್ಕೋ ಪಾಲು. ಅಷ್ಟಕ್ಕೆ ನಾಲ್ಕು ಬೆರಳು ಇಳಿಯಲ್ಲ. ಎರಡು ನಿಮಿಷದಲ್ಲಿ ಗಾಡಿ ಎತ್ತುವ ಕಂಪ್ರೆಸರ್ ಸತ್ತಿಲ್ಲ, ಅದನ್ನು ಯಾಕೆ ಬದಲಿಸಬೇಕೋ ನನಗಂತೂ ಅರ್ಥವಾಗಲಿಲ್ಲ. ಎರಡೂ ಕಡೆ ಇಳಿದಿದೆ ಅಂದ ಮಾತ್ರಕ್ಕೆ ಎರಡೂ ಬ್ಯಾಗು ಹೋಗಿದೆ ಅಂತಲೂ ಅಲ್ಲ. ಎಷ್ಟೋ ಗಾಡಿಗಳಲ್ಲಿ ಕೀ ತೆಗೆದ ಮೇಲೂ ಸಸ್ಪೆನ್ಷನ್ ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲ್ ಯೂನಿಟ್, ಆಗಾಗ ಎದ್ದು ಮಟ್ಟ ನೋಡುತ್ತೆ. ಎಡಗಡೆ ಇಳಿದಿದ್ದರೆ, ಗಾಡಿ ವಾಲದಿರಲಿ ಅಂತ ಬಲಗಡೆಯ ಒಳ್ಳೆ ಬ್ಯಾಗಿನ ಗಾಳಿಯನ್ನೂ ಬಿಡುತ್ತೆ. ಬೆಳಿಗ್ಗೆ ನೋಡಿದವರಿಗೆ ಎರಡೂ ಕಳ್ಳರಂತೆ ಕಾಣುತ್ತವೆ.

ಒಂದು ಹೇಳಿ. ಮನೆಯಲ್ಲಿ ನಿಲ್ಲಿಸುವ ಜಾಗ ಮಟ್ಟವಾಗಿದೆಯಾ?

ಕಾಫಿತೋಟ, ಸಕಲೇಶಪುರ: ಇಲ್ಲ ಮೇಷ್ಟ್ರೇ. ಹಳೇ ಹೆಂಚಿನ ಕೊಟ್ಟಿಗೆ. ಸೂರಿನ ನೀರು ಬಿದ್ದು ಬಿದ್ದು ಒಂದು ತಗ್ಗು ಆಗಿದೆ. ಹಿಂದಿನ ಎಡ ಚಕ್ರ ಸರಿಯಾಗಿ ಅದರೊಳಗೆ ಕೂರುತ್ತೆ.

ಗ್ಯಾರೇಜ್ ಮೇಷ್ಟ್ರು: ಅದೇ ಬೇಕಾಗಿತ್ತು. ಈ ಬ್ಯಾಗು ಬಲೂನಿನ ಥರ ಅಲ್ಲ. ಕಾಲುಚೀಲದ ಬಾಯಿ ಹೊರಗೆ ಮಡಚಿದ ಹಾಗೆ, ರಬ್ಬರ್ ತೋಳು ಕೆಳಗಿನ ಪಿಸ್ಟನ್ ಮೇಲೆ ಮಡಿಕೆಯಾಗಿ ಉರುಳುತ್ತೆ. ಚಕ್ರ ಕೆಳಗಿಳಿದರೆ ಮಡಿಕೆ ಒಂದು ಜಾಗದಲ್ಲಿ ಬೀಳುತ್ತೆ, ಮೇಲೆ ಬಂದರೆ ಇನ್ನೊಂದು ಜಾಗದಲ್ಲಿ. ರಬ್ಬರ್ ವಯಸ್ಸಾಗಿ ಬಿರುಕು ಬಿಟ್ಟಿದ್ದರೆ, ಆ ಬಿರುಕು ಒಂದು ಎತ್ತರದಲ್ಲಿ ಬಾಯಿ ಬಿಡುತ್ತೆ, ಇನ್ನೊಂದರಲ್ಲಿ ಮುಚ್ಚಿಕೊಳ್ಳುತ್ತೆ. ಮಾವನವರ ಬೇಸ್‌ಮೆಂಟಿನ ಮಟ್ಟ ನೆಲದಲ್ಲಿ ಮುಚ್ಚಿತ್ತು, ಕೊಟ್ಟಿಗೆ ತಗ್ಗಿನಲ್ಲಿ ತೆರೆಯಿತು. ಇದು ನನ್ನ ಊಹೆ. ನೋಡಿಯೇ ತೀರ್ಮಾನ ಮಾಡೋಣ.

ಇವತ್ತು ರಾತ್ರಿ ಅದೇ ತಗ್ಗಿನಲ್ಲಿ ನಿಲ್ಲಿಸಿ. ಗಾಡಿ ಪೂರ್ತಿ ಎದ್ದ ಮೇಲೆ ಆಫ್ ಮಾಡಿ, ಸಸ್ಪೆನ್ಷನ್ ಫ್ಯೂಸ್ ತೆಗೆದಿಡಿ. ಆಗ ಯೂನಿಟ್ ಮಧ್ಯೆ ಬಾಯಿ ಹಾಕಲ್ಲ, ಯಾವ ಕಡೆ ಲೀಕೋ ಆ ಕಡೆ ಮಾತ್ರ ಇಳಿಯುತ್ತೆ. ಚಕ್ರದ ನಟ್ಟನಡುವಿನಿಂದ ಮಡ್ಗಾರ್ಡ್ ಅಂಚಿನವರೆಗೆ ಟೇಪು ಹಿಡಿದು ಎರಡೂ ಕಡೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ತಗ್ಗು ಲೆಕ್ಕ ಕೆಡಿಸುತ್ತೆ. ಬೆಳಿಗ್ಗೆ ಮತ್ತೆ ಅಳೆಯಿರಿ. ಮಾರನೇ ರಾತ್ರಿ ಮಟ್ಟದ ಜಾಗದಲ್ಲಿ ಇದನ್ನೇ ಮಾಡಿ. ಫ್ಯೂಸ್ ವಾಪಸ್ ಹಾಕದೆ ಓಡಿಸಬೇಡಿ.

ಕಡಲತಡಿ, ಮಂಗಳೂರು: ನನಗೆ ಬಂದದ್ದು, ಹಾಗೇ ಕಳಿಸ್ತಿದ್ದೇನೆ. "ಏರ್ ಬ್ಯಾಗಿಗೆ ಟಯರಿನ ಪಂಕ್ಚರ್ ಲಿಕ್ವಿಡ್ 200 ಎಂಎಲ್ ಹಾಕಿ, ಹೊರಗೆ ಕೊಬ್ಬರಿ ಎಣ್ಣೆ ಸವರಿ. ಜೀವನಪೂರ್ತಿ ಲೀಕ್ ಆಗುವುದಿಲ್ಲ. ಹತ್ತು ಜನರಿಗೆ ಕಳಿಸಿ."

ಗ್ಯಾರೇಜ್ ಮೇಷ್ಟ್ರು: ಒಬ್ಬರಿಗೂ ಕಳಿಸಬೇಡಿ. ಗಾಳಿ ಒಳಗೆ ಹೋಗುವುದು, ಹೊರಗೆ ಬರುವುದು ಎರಡೂ ಒಂದೇ ಪೈಪಿನಲ್ಲಿ. ಗಾಡಿ ಇಳಿದಾಗ ಆ ಲಿಕ್ವಿಡ್ ವಾಲ್ವ್ ಬ್ಲಾಕಿಗೆ ಬರುತ್ತೆ, ಅಲ್ಲಿಂದ ಡ್ರೈಯರಿಗೆ. ಡ್ರೈಯರಿನಲ್ಲಿ ಸಬ್ಬಕ್ಕಿಯಂಥ ಮಣಿಗಳಿರುತ್ತವೆ, ತೇವ ಹೀರಲು. ಅವು ಅಂಟಿ ಗಟ್ಟಿಯಾಗುತ್ತವೆ. ಒಂದು ಬ್ಯಾಗಿನಲ್ಲಿ ಮುಗಿಯುವ ಖರ್ಚು ಪೂರ್ತಿ ಸಿಸ್ಟಮ್ಮಿಗೆ ಹೋಗುತ್ತೆ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ. ಕೊಬ್ಬರಿ ಎಣ್ಣೆ ತಲೆಗಿರಲಿ.

ಹುಬ್ಬಳ್ಳಿ ರೈಡರ್: ಮೇಷ್ಟ್ರ, ಐರಾವತ ವೋಲ್ವೋ ಬಸ್ಸಿಗೂ ಏರ್ ಸಸ್ಪೆನ್ಷನ್ನೇ ಅಲ್ರೀ? ದಿನಾ ಬೆಂಗಳೂರಿಗೆ ಓಡ್ತಾವ, ಏನೂ ಆಗೂದಿಲ್ಲ. ಈ ಕಾರಿನವರದು ಬರೀ ದುಡ್ಡು ಹೊಡಿಯೋ ಆಟ.

ಗ್ಯಾರೇಜ್ ಮೇಷ್ಟ್ರು: ಬಸ್ಸಿನಲ್ಲಿ ಕಂಪ್ರೆಸರ್ ಓಡಿಸುವುದು ಇಂಜಿನ್, ಜೊತೆಗೆ ದೊಡ್ಡ ಏರ್ ಟ್ಯಾಂಕುಗಳು. ಬ್ರೇಕಿಗೂ ಅದೇ ಗಾಳಿ. ಸಣ್ಣ ಲೀಕಿದ್ದರೂ ಓಡುವಾಗ ತುಂಬುತ್ತಲೇ ಇರುತ್ತೆ. ರಾತ್ರಿ ಡಿಪೋದಲ್ಲಿ ನಿಂತ ಹಳೇ ಬಸ್ಸನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ, ಅದೂ ಕೂತಿರುತ್ತೆ. ಕಾರಿನದು ಮುಷ್ಟಿಯಷ್ಟು ದೊಡ್ಡ ಎಲೆಕ್ಟ್ರಿಕ್ ಮೋಟಾರು. ನಿಮಿಷಗಟ್ಟಲೆ ಓಡಿದರೆ ಬಿಸಿಯಾಗಿ ತಾನೇ ನಿಲ್ಲುತ್ತೆ. ಲೀಕ್ ಬಿಟ್ಟುಕೊಂಡು ಓಡಿಸಿದರೆ ಕೊನೆಗೆ ಸುಟ್ಟೇ ಹೋಗುತ್ತೆ.

ಮೈಸೂರು ಪೇಟೆ: ಇಷ್ಟೆಲ್ಲ ಯಾಕೆ? ಕಾಯಿಲ್ ಸ್ಪ್ರಿಂಗ್ ಹಾಕಿಸಿ ಬಿಸಾಕಿ. ನಾನು ಹಾಕಿಸಿ ಎರಡು ವರ್ಷ ಆಯ್ತು, ಆರಾಮಾಗಿದ್ದೇನೆ.

ವೈಟ್‌ಫೀಲ್ಡ್ ಟೆಕ್ಕಿ: ಅದು ಗಾಡಿ ಮಾರ್ಪಾಡು ಸ್ವಾಮಿ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದಿ. ನಾಳೆ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ.

ಮೈಸೂರು ಪೇಟೆ: ಸ್ಪ್ರಿಂಗ್ ಹಾಕಿದ್ದಕ್ಕೆ ಜೈಲಿಗೆ ಹಾಕ್ತಾರಾ? ನಿಮ್ಮ ಕಾರಿನ ಟಿಂಟ್ ಗ್ಲಾಸ್ ಫೋಟೋ ಹೋದ ವಾರ ಇಲ್ಲೇ ನೋಡಿದ್ದೆ. ಆಗ ಯಾವ ಸೆಕ್ಷನ್ ಓದಿದ್ರಿ?

ವೈಟ್‌ಫೀಲ್ಡ್ ಟೆಕ್ಕಿ: ಅದು ಕಂಪನಿಯಿಂದ ಬಂದದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ಹುಬ್ಬಳ್ಳಿ ರೈಡರ್: ಕಂಪನಿಯಿಂದ ಅಷ್ಟು ಕಪ್ಪ ಬರ್ತೈತೇನ್ರಿ?

ದಾವಣಗೆರೆ ಬೆಣ್ಣೆ: ಇವರ ಜಗಳದಲ್ಲಿ ನನ್ನ ಪ್ರಶ್ನೆ ಮೇಲೆ ಹೋಗಿಬಿಡುತ್ತೆ. ಮೇಷ್ಟ್ರೇ, ನನ್ನ ಗಾಡಿ ಬಲಗಡೆ ಹಿಂದೆ ಎರಡು ಇಂಚು ಇಳಿದಿದೆ. ರಾತ್ರಿ, ಬೆಳಿಗ್ಗೆ ಒಂದೇ ಥರ, ಹೆಚ್ಚು ಕಮ್ಮಿ ಆಗಲ್ಲ. ಸೋಪು ನೀರಿಗೆ ಎಲ್ಲೂ ಗುಳ್ಳೆ ಇಲ್ಲ.

ಗ್ಯಾರೇಜ್ ಮೇಷ್ಟ್ರು: ಲೀಕಾಗಿದ್ದರೆ ಇಳಿಯುತ್ತಾ ಹೋಗಬೇಕು, ನಿಂತಲ್ಲೇ ನಿಲ್ಲಲ್ಲ. ಆ ಕಡೆಯ ಎತ್ತರ ಅಳೆಯುವ ಹೈಟ್ ಸೆನ್ಸರಿನ ಸಣ್ಣ ಕಡ್ಡಿ ಮುರಿದಿದೆಯಾ, ಬಾಗಿದೆಯಾ ನೋಡಿಸಿ. ಸೆನ್ಸರ್ ಸುಳ್ಳು ಹೇಳಿದರೆ ಯೂನಿಟ್ ನಂಬುತ್ತೆ. ಬದಲಿಸಿದ ಮೇಲೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಯಂತ್ರ) ಹಾಕಿ ಕ್ಯಾಲಿಬ್ರೇಷನ್ ಮಾಡಿಸಬೇಕು, ಅಂದರೆ ಸರಿಯಾದ ಎತ್ತರ ಯಾವುದು ಅಂತ ಯೂನಿಟ್ಟಿಗೆ ಹೇಳಿಕೊಡಬೇಕು.

ಉಡುಪಿ ಮೀನುಪೇಟೆ: ಉಪ್ಪು ಗಾಳಿಗೆ ನಮ್ಮ ಗಾಡಿಯ ಕಂಪ್ರೆಸರ್ ಕನೆಕ್ಟರ್ ಹಸಿರು ಹಿಡಿದಿದೆ. ಅದರಿಂದಲೂ ಹೀಗಾಗುತ್ತಾ?

ತುಮಕೂರು: ಮೇಷ್ಟ್ರೇ ಅರ್ಜೆಂಟ್. ಸ್ಟೆಪ್ನಿ ಜಾಕ್ ಕೊಟ್ಟು ಗಾಡಿ ಎತ್ತಿದ್ದೇನೆ. ತಮ್ಮ ಕೆಳಗೆ ಹೋಗಿ ಬ್ಯಾಗಿನ ಪೈಪ್ ಬಿಚ್ಚುತ್ತಿದ್ದಾನೆ. ಯಾವ ಸ್ಪ್ಯಾನರ್ ಬೇಕು?

ಗ್ಯಾರೇಜ್ ಮೇಷ್ಟ್ರು: ತಮ್ಮನನ್ನು ಈಗಲೇ ಹೊರಗೆ ಕರೆಯಿರಿ. ಕರೆದ ಮೇಲೆ ಮುಂದೆ ಓದಿ.

ಆ ಜಾಕ್ ಟಯರ್ ಬದಲಿಸಲಿಕ್ಕೆ, ಮನುಷ್ಯ ಕೆಳಗೆ ಮಲಗಲಿಕ್ಕಲ್ಲ. ಎರಡು ಟನ್ನಿಗಿಂತ ಜಾಸ್ತಿ ತೂಕದ ಗಾಡಿ. ಟಯರಿನಲ್ಲಿ 35 ಪಿಎಸ್‌ಐ ಇದ್ದರೆ ಬ್ಯಾಗಿನಲ್ಲಿ ಅದರ ಎರಡು ಮೂರು ಪಟ್ಟು ಇರುತ್ತೆ. ಪೈಪ್ ಸಡಿಲಿಸಿದ ಕ್ಷಣ ಗಾಳಿ ಹೋಗಿ ಗಾಡಿ ಕೂರುತ್ತೆ, ಏಳಲು ಟೈಮ್ ಕೊಡಲ್ಲ. ಸಿಸ್ಟಮ್ ತಾನಾಗಿಯೇ ಎದ್ದು ಮಟ್ಟ ಸರಿಮಾಡಲು ಹೋದರೂ ಅಷ್ಟೇ ಅಪಾಯ. ಲಿಫ್ಟ್ ಅಥವಾ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸದೆ, ಸಿಸ್ಟಮ್ ತಾನಾಗಿ ಏಳದಂತೆ ತಡೆಯುವ ಜಾಕ್ ಮೋಡ್ ಹಾಕದೆ, ಸ್ಕ್ಯಾನರಿನಿಂದ ಗಾಳಿ ಇಳಿಸದೆ ಯಾರೂ ಕೆಳಗೆ ತಲೆ ಹಾಕಬಾರದು. ಸ್ಪ್ಯಾನರ್ ಸೈಜ್ ನಾನು ಹೇಳಲ್ಲ. ತಮ್ಮ ಹೊರಗೆ ಬಂದನಾ?

ತುಮಕೂರು: ಬಂದ. ಬೈತಿದ್ದಾನೆ.

ಗ್ಯಾರೇಜ್ ಮೇಷ್ಟ್ರು: ಬೈಯಲಿ.

ಜಯನಗರ 4ನೇ ಬ್ಲಾಕ್: ಅಂದಾಜಾದರೂ ಹೇಳಿ ಸರ್, ಕಂಪ್ರೆಸರ್ ರೇಟ್.

ಗ್ಯಾರೇಜ್ ಮೇಷ್ಟ್ರು: ಮೇಲೆ ನೋಡಿ.

ಕಡಲತಡಿ, ಮಂಗಳೂರು: ಮೇಷ್ಟ್ರೇ, ಇನ್ನೊಂದು ಬಂದಿದೆ. ಎಂ-ಸೀಲ್ ಮೆತ್ತಿ ಮೇಲೆ ಸೈಕಲ್ ಟ್ಯೂಬ್ ಸುತ್ತಿದರೆ...

ಗ್ಯಾರೇಜ್ ಮೇಷ್ಟ್ರು: ಮಾರಾಯ್ರೆ, ದಿನಕ್ಕೆ ಸಾವಿರ ಸಲ ಮಡಚುವ ಜಾಗಕ್ಕೆ ಕಲ್ಲಿನಂತೆ ಗಟ್ಟಿಯಾಗುವ ಎಂ-ಸೀಲ್? ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಉತ್ತರ ಕೊಡುವುದನ್ನೇ ನಿಲ್ಲಿಸುತ್ತೇನೆ.

ಕಡಲತಡಿ, ಮಂಗಳೂರು: ಒಳ್ಳೇದಕ್ಕೆ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಮೈಸೂರು ಪೇಟೆ: ಕಾಯಿಲ್ ಹಾಕಿದರೆ ಈ ಸಿಟ್ಟೂ ಇಲ್ಲ, ಸೀಲೂ ಇಲ್ಲ.

ಕಾಫಿತೋಟ, ಸಕಲೇಶಪುರ: ಮೇಷ್ಟ್ರೇ, ಎರಡು ರಾತ್ರಿ ಅಳೆದೆ. ಮೊದಲ ರಾತ್ರಿ ತಗ್ಗಿನಲ್ಲಿ ನಿಲ್ಲಿಸಿ ಫ್ಯೂಸ್ ತೆಗೆದಿದ್ದೆ. ಎಡ 64.1 ಸೆಂ.ಮೀ. ಇದ್ದದ್ದು ಬೆಳಿಗ್ಗೆ 57.3. ಬಲ 61.0 ಇದ್ದದ್ದು 60.7. ಎರಡನೇ ರಾತ್ರಿ ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿದೆ, ಅದು ಮಟ್ಟ. ಎರಡೂ ಕಡೆ 3 ಮಿ.ಮೀ. ಕೂಡ ಇಳಿಯಲಿಲ್ಲ.

ಗ್ಯಾರೇಜ್ ಮೇಷ್ಟ್ರು: ಭೇಷ್. ಬಲ ಬ್ಯಾಗು ನಿರಪರಾಧಿ. ಎಡದ್ದು 57ಕ್ಕೆ ಬರುವಷ್ಟರಲ್ಲಿ ಬಿರುಕು ಮಡಿಕೆಯೊಳಗೆ ಸೇರಿ ಮುಚ್ಚಿಕೊಂಡಿರಬೇಕು, ಅದಕ್ಕೇ ಅಲ್ಲಿಗೆ ನಿಂತಿದೆ. ಈಗ ಫ್ಯೂಸ್ ಹಾಕಿ ಅದೇ ತಗ್ಗಿನಲ್ಲಿ ಪೂರ್ತಿ ಎತ್ತಿಸಿ, ಆಫ್ ಮಾಡಿ, ಮತ್ತೆ ಫ್ಯೂಸ್ ತೆಗೆಯಿರಿ. ಪಾತ್ರೆ ತೊಳೆಯುವ ಸೋಪು ನೀರು ಸ್ಪ್ರೇ ಬಾಟಲಿಗೆ ಹಾಕಿ ಹೊರಗಿನಿಂದಲೇ ಹೊಡೆಯಿರಿ. ಬಾಟಲಿ ಮೂತಿ ಮಾತ್ರ ಒಳಗೆ, ಕೈ ಬೇಡ.

ಕಾಫಿತೋಟ, ಸಕಲೇಶಪುರ: ಸಿಕ್ಕಿತು! ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಮಡಿಕೆಯ ಒಳಬದಿಯಲ್ಲಿ ಕೂದಲೆಳೆಯಂಥ ಗೆರೆ. ಅದರುದ್ದಕ್ಕೂ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಏಳುತ್ತಿವೆ. ಪೈಪಿನ ಹತ್ತಿರ ಏನೂ ಇಲ್ಲ. ತಗ್ಗಿಗೆ ಎರಡು ಬುಟ್ಟಿ ಮಣ್ಣು ಹಾಕಿಸಿದರೆ ಈ ಮಳೆಗಾಲ ಕಳೆಯಬಹುದಾ?

ಗ್ಯಾರೇಜ್ ಮೇಷ್ಟ್ರು: ಮಣ್ಣು ಹಾಕಿ ರೋಗ ಮುಚ್ಚಬೇಡಿ. ನಿಮ್ಮ ಘಾಟಿ ರಸ್ತೆಯಲ್ಲಿ ಪ್ರತಿ ಗುಂಡಿಯೂ ಅದೇ ತಗ್ಗು. ಎಡ ಬ್ಯಾಗು ಹಾಕಿಸಿ. ಬಲದ್ದಕ್ಕೂ ಅಷ್ಟೇ ವಯಸ್ಸು, ಕೈಯಲ್ಲಿ ದುಡ್ಡಿದ್ದರೆ ಜೊತೆಗೇ ಮುಗಿಸಿ. ಕಂಪ್ರೆಸರ್, ವಾಲ್ವ್ ಬ್ಲಾಕ್ ಮುಟ್ಟಲು ಬಿಡಬೇಡಿ. ಕಂಪ್ರೆಸರ್ ರಿಲೇ (ಮೋಟಾರಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ಸ್ವಿಚ್ಚು) ಮಾತ್ರ ಹೊಸದಿರಲಿ, ಜಾಸ್ತಿ ಓಡಿದ ರಿಲೇ ಒಳಗೇ ಅಂಟಿಕೊಂಡರೆ ಮೋಟಾರು ನಿಲ್ಲುವುದೇ ಇಲ್ಲ. ಹೊಸ ಬ್ಯಾಗಿಗೆ ಗಾಳಿ ತುಂಬಿದ ಮೇಲೆಯೇ ಗಾಡಿಯ ತೂಕ ಬಿಡಬೇಕು. ಖಾಲಿ ಬ್ಯಾಗಿನ ಮೇಲೆ ಇಳಿಸಿದರೆ ಮಡಿಕೆ ತಿರುಚಿ ಮೊದಲ ದಿನವೇ ಹಾಳು. ಇಳಿಸುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ.

ಕಾಫಿತೋಟ, ಸಕಲೇಶಪುರ: ಆಗಲಿ ಮೇಷ್ಟ್ರೇ. ಹಳೇ ಬ್ಯಾಗು ಕೇಳಿ ಇಸ್ಕೊಂಡು ಬರ್ತೇನೆ, ಫೋಟೋ ಹಾಕ್ತೇನೆ.

ಉಡುಪಿ ಮೀನುಪೇಟೆ: ನನ್ನ ಕನೆಕ್ಟರ್ ಪ್ರಶ್ನೆ ಮೇಲೆ ಇದೆ ಮೇಷ್ಟ್ರೇ.

ವೈಟ್‌ಫೀಲ್ಡ್ ಟೆಕ್ಕಿ: ಮೈಸೂರಿನವರೇ, 52ನೇ ಸೆಕ್ಷನ್ ಫೋಟೋ ತೆಗೆದು ಹಾಕಿದ್ದೇನೆ. ಈಗ ಮಾತಾಡಿ.